ಕಾರ್ಡಿನ ಮೇಲಿನ ಕುಂಕುಮ

"ಯಾರಿಗೆ ಮೇಡಂ, ತಮ್ಮನಿಗಾ?" ಎಂದು ಆರ್.ಟಿ. ನಗರದ ಕಂಪ್ಯೂಟರ್ ಅಂಗಡಿಯವರು ಮೊದಲ ದಿನವೇ ಕೇಳಿದ್ದರು. ಹೌದು ಎಂದುಬಿಟ್ಟೆ. ಗೇಮ್ ಆಡುವವಳು ನಾನೇ ಎಂದಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಬರುತ್ತಿದ್ದವು. ಇಲ್ಲದ ತಮ್ಮನನ್ನು ಮುಂದಿಟ್ಟಿದ್ದರಿಂದ ಒಂದಕ್ಕೇ ಮುಗಿಯಿತು.

ಆಗ ಕೊಂಡದ್ದು ಅಗ್ಗದ ಡೆಸ್ಕ್‌ಟಾಪ್. ಗೇಮಿನ ದೃಶ್ಯಗಳನ್ನು ತಡವರಿಸದೆ ತೋರಿಸಲು ಬೇಕಾದ ಗ್ರಾಫಿಕ್ಸ್ ಕಾರ್ಡ್ ಅದರಲ್ಲಿರಲಿಲ್ಲ. ಅದನ್ನು ಮುಂದೆ ಹಾಕಿಸಿಕೊಳ್ಳುವ ಯೋಚನೆಯಿತ್ತು. ಹಾಗಾಗಿ ಅದಕ್ಕೆ ಬೇಕಾಗುವ ಹೆಚ್ಚಿನ ವಿದ್ಯುತ್ ಸಾಲಲೆಂದು ಪವರ್ ಸಪ್ಲೈ ಮಾತ್ರ ಈಗಲೇ ಸ್ವಲ್ಪ ದೊಡ್ಡದಿರಲಿ ಎಂದೆ. "ತಮ್ಮ ಚೆನ್ನಾಗಿ ಹೇಳ್ಕೊಟ್ಟು ಕಳ್ಸಿದಾನೆ" ಎಂದು ಅವರು ನಕ್ಕರು. ಅವರು ಹೇಳಿದ್ದನ್ನೆಲ್ಲ ಮನೆಗೆ ಬಂದು ಇನ್ನೊಮ್ಮೆ ಪರೀಕ್ಷಿಸುವ ಅಭ್ಯಾಸ ನನಗೆ ಅಂದಿನಿಂದಲೇ ಬಂತು.

ಸಂಜಯನಗರದ ಬಾಡಿಗೆ ಮನೆಯಲ್ಲಿ ಇರುವವರು ನಾನು ಮತ್ತು ಅವ್ವ. ನಾನು ಆಡುವುದು ಲಾರಿ ಓಡಿಸುವ ಆಟ. ಆಫೀಸಿನಿಂದ ಬಂದ ಮೇಲೆ ಯಾವುದೋ ದೇಶದ ಘಾಟಿ ರಸ್ತೆಯಲ್ಲಿ ಸರಕು ಹೇರಿಕೊಂಡು ಹೋಗುತ್ತೇನೆ. ಅವ್ವ ಪಕ್ಕದಲ್ಲಿ ಕುಳಿತು ಸೊಪ್ಪು ಸೋಸುತ್ತ ರಸ್ತೆ ನೋಡುತ್ತಾಳೆ. ಆಟದಲ್ಲಿ ಮಳೆ ಶುರುವಾದರೆ ಸಾಕು, ಪರದೆ ತಡೆತಡೆದು ಓಡುತ್ತಿತ್ತು. "ಗಾಡಿ ಬದಿಗಿ ಹಚ್ಚ, ಮಳಿ ನಿಲ್ಲಲಿ" ಎನ್ನುತ್ತಿದ್ದಳು. ಆ ಮಳೆಯನ್ನು ದಾಟಲೆಂದೇ ವರ್ಷಕ್ಕೂ ಹೆಚ್ಚು ಕಾಲ ಸಂಬಳದಲ್ಲಿ ಉಳಿಸಿದೆ.

ದೀಪಾವಳಿ ಕಳೆದ ಮೇಲೆ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ಅಂಗಡಿಗೆ ಒಯ್ದೆ. ಬಿಟ್ಟು ಹೋಗಿ, ಸಂಜೆ ಕೊಡುತ್ತೇನೆ ಎಂದರು. ಕಾಯುತ್ತೇನೆ ಎಂದೆ. ಕಾರ್ಡಿನ ಡಬ್ಬಿ ತಂದಾಗ ಹೊಸದೇ ತಾನೇ ಎಂದು ಕೇಳಿದೆ. "ಸೀಲ್ ನೋಡಿ ಮೇಡಂ" ಎಂದು ನನ್ನೆದುರೇ ಕತ್ತರಿಸಿದರು. ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದು ನನಗೆ ಹೊಳೆದದ್ದು ಮನೆಗೆ ಬರುವ ದಾರಿಯಲ್ಲಿ.

ಡಬ್ಬಿಯ ಮೇಲಿನ ಸಂಖ್ಯೆ, ಕಾರ್ಡಿನ ಮೇಲಿನ ಸಂಖ್ಯೆ ಎರಡೂ ಒಂದೇ ಆಗಿದ್ದವು. ಮಳೆಯಲ್ಲೂ ಲಾರಿ ಸಲೀಸಾಗಿ ಓಡಿತು. ಆದರೂ ಸಮಾಧಾನವಾಗಲಿಲ್ಲ. ಕಂಪ್ಯೂಟರ್ ಆರಿಸಿ, ಬದಿಯ ಗಾಜು ತೆಗೆದು ಟಾರ್ಚ್ ಬಿಟ್ಟೆ. ಕಾರ್ಡಿನ ಬೆನ್ನಿನ ಮೇಲೆ, ಸ್ಕ್ರೂ ಕೂರುವ ಗುಂಡಿಯೊಳಗೆ ಏನೋ ಕೆಂಪಗೆ ಕಂಡಿತು. ಹತ್ತಿಕಡ್ಡಿಯ ತುದಿ ತಾಗಿಸಿ ಅವ್ವನಿಗೆ ತೋರಿಸಿದೆ. ಅವಳು ಮೂಸಿ ನೋಡಿ, ಕುಂಕುಮ ಎಂದಳು. ಒದ್ದೆ ಬೆರಳಿನಿಂದ ಇಟ್ಟು ಒಣಗಿದ್ದು, ಮೇಲೆ ಒರೆಸಿದ್ದರೂ ಗುಂಡಿಯೊಳಗೆ ಉಳಿದುಕೊಂಡಿದೆ ಎಂದೂ ಹೇಳಿದಳು. ಅಂದರೆ ಈ ಕಾರ್ಡ್ ಬೇರೆ ಯಾರದೋ ಮನೆಯ ಆಯುಧಪೂಜೆ ಕಂಡು ಬಂದಿತ್ತು.

ಮರುದಿನ ಮತ್ತೆ ಅದೇ ಬೆಡ್‌ಶೀಟು, ಮತ್ತೆ ಆಟೋ. ಅಂಗಡಿಯಲ್ಲಿ ಮೌಸ್ ಕೊಳ್ಳಲು ಬಂದ ಒಬ್ಬ ಗಿರಾಕಿ ಕುಳಿತಿದ್ದ. ನಾನು ದನಿ ಏರಿಸಲಿಲ್ಲ. ಇದು ಎಲ್ಲಿಂದ ಬಂತು ಎಂದಷ್ಟೇ ಕೇಳಿದೆ.

ಅವರು ಕ್ಷಣವೂ ತಡಮಾಡಲಿಲ್ಲ. "ನಿಮ್ಮನೇದೇ ಮೇಡಂ. ಹಬ್ಬಕ್ಕೆ ಕುಂಕುಮ ಇಟ್ಟಿರ್ತೀರ, ಫ್ಯಾನ್ ಗಾಳಿಗೆ ಒಳಗಡೆ ಹೋಗಿರುತ್ತೆ."

ಕ್ಯಾಬಿನೆಟ್ಟನ್ನು ತಿರುಗಿಸಿ ಮೇಲ್ಭಾಗ ತೋರಿಸಿದೆ. ಅಲ್ಲಿ ಅವ್ವ ಎಳೆದಿದ್ದ ಮೂರು ವಿಭೂತಿ ಗೆರೆಗಳು ಹಬ್ಬ ಕಳೆದು ಇಷ್ಟು ದಿನವಾದರೂ ಹಾಗೇ ಇದ್ದವು. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವಿರಲಿ, ಮಿಕ್ಸಿಯಿರಲಿ, ಯಂತ್ರಕ್ಕೆ ಹಚ್ಚುವುದು ವಿಭೂತಿ ಮಾತ್ರ. ಕುಂಕುಮ ದೇವರಿಗೆ ಮತ್ತು ಹೊಸ್ತಿಲಿಗೆ. ಅದನ್ನು ಹೇಳಿದೆ. ಹಾರಿಬಂದ ಪುಡಿ ಗುಂಡಿಯೊಳಗೆ ಗಟ್ಟಿಯಾಗಿ ಕೂರುವುದಿಲ್ಲ ಎಂದೂ ಹೇಳಿದೆ.

ಗಿರಾಕಿ ಬಾಯಿ ಹಾಕಿದ. "ಪೂಜೆ ಆಗಿರೋ ಕಾರ್ಡ್ ಅಂದ್ರೆ ಲಕ್ಕಿ ಅಲ್ವಾ ಗುರು?"

"ಹಾಗಾದ್ರೆ ನೀವೇ ತಗೊಳ್ಳಿ" ಎಂದೆ. ಅವನು ಮೌಸ್‌ಗಳತ್ತ ತಿರುಗಿಕೊಂಡ.

ಅಂಗಡಿಯವರು ಕಾರ್ಡನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಯೋಚಿಸುತ್ತಿರುವಂತೆ ಕಂಡರೂ ಹುಡುಕುತ್ತಿದ್ದದ್ದು ಇನ್ನೊಂದು ಕಾರಣವನ್ನು ಎಂದು ನನಗನಿಸಿತು. ಸಿಕ್ಕಿತು ಕೂಡ. ದನಿ ತಗ್ಗಿಸಿ, ನನ್ನ ಮೇಲೆ ಕನಿಕರವಿದ್ದವರಂತೆ ಹೇಳಿದರು.

"ಬೇಜಾರ್ ಮಾಡ್ಕೋಬೇಡಿ ಮೇಡಂ. ನಿಮ್ ತಮ್ಮ ರಾತ್ರಿ ಯಾರ್ ಜೊತೆನೋ ಕಾರ್ಡ್ ಬದಲಾಯಿಸ್ಕೊಂಡಿರ್ಬೇಕು. ಈ ವಯಸ್ಸಲ್ಲಿ ಹುಡುಗರು ಹಾಗೇನೇ, ಮನೇಲಿ ಹೇಳಲ್ಲ."

"ನನಗೆ ತಮ್ಮ ಇಲ್ಲ."

"ಮತ್ತೆ ಅವತ್ತು ಹೇಳಿದ್ರಲ್ಲ?"

"ನೀವು ಕೇಳಿದ್ರಿ, ಹೌದು ಅಂದೆ. ಆಡೋದು ನಾನು. ಕಾರ್ಡ್ ನಿಮ್ಮ ಕೈಯಿಂದ ನನ್ನ ಮನೆಗೆ ಬಂತು. ನಡುವೆ ಯಾರೂ ಇಲ್ಲ. ಸಂಖ್ಯೆನೂ ನಿಮ್ಮ ಬಿಲ್ಲಿನಲ್ಲೇ ಇದೆ."

ಅವರು ಕಾರ್ಡನ್ನು ಮೇಜಿನ ಮೇಲಿಟ್ಟರು. ಆಮೇಲೆ ನಿಜ ಹೊರಬಂತು. ದಸರೆಗೆ ಮುಂಚೆ ಯಾರೋ ಕೊಂಡಿದ್ದರಂತೆ, ಅವರ ಕ್ಯಾಬಿನೆಟ್ಟಿಗೆ ಉದ್ದ ಜಾಸ್ತಿಯಾಯಿತೆಂದು ಹಬ್ಬ ಮುಗಿದ ಮೇಲೆ ವಾಪಸು ತಂದರಂತೆ. ಒಮ್ಮೆಯೂ ಓಡಿಸಿಲ್ಲ ಎಂದು ಆಣೆ ಹಾಕಿದರು. ಮತ್ತೆ ಸೀಲ್ ಅಂಟಿಸಿದ್ದು ಯಾರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಾರ್ಡನ್ನು ನನ್ನಿಂದ ವಾಪಸು ಪಡೆದು ಹೊಸದು ಕೊಡುವುದಾಗಿ ಬಿಲ್ಲಿನ ಮೇಲೆ ಬರೆಸಿ, ಸಹಿ ಹಾಕಿಸಿಕೊಂಡು ಬಂದೆ.

ಬೇರೆ ಕಾರ್ಡ್ ಬರಲು ವಾರ ಹಿಡಿಯಿತು. ಈ ಸಲ ಸೀಲ್ ಕತ್ತರಿಸಿದವಳು ನಾನು. ಪ್ರತಿ ಗುಂಡಿಗೂ ಟಾರ್ಚ್ ಬಿಟ್ಟು ನೋಡಿದೆ. "ಸಮಾಧಾನ ಆಯ್ತಾ ಮೇಡಂ?" ಎಂದು ಅಂಗಡಿಯವರು ಕೇಳಿದರು. ನೋಡೋಣ ಎಂದೆ. ಅದು ಇಂದಿಗೂ ಚೆನ್ನಾಗಿ ಓಡುತ್ತಿದೆ. ಆಟದಲ್ಲಿ ಮಳೆ ಬಂದರೆ ಅವ್ವ ಈಗ ಗಾಡಿ ಬದಿಗೆ ಹಚ್ಚು ಎನ್ನುವುದಿಲ್ಲ, ವೈಪರ್ ಹಾಕು ಎನ್ನುತ್ತಾಳೆ.

ಮುಂದಿನ ದಸರೆಗೆ ಅವಳು ವಿಭೂತಿ ಕಲಸಿಕೊಂಡು ಕೋಣೆಗೆ ಬಂದು, ಎಂದಿನಂತೆ ಹೊರಗೆ ಗೆರೆ ಎಳೆದಳು. ನಾನು ಪ್ಲಗ್ ಕಿತ್ತು ಬದಿಯ ಗಾಜು ತೆಗೆದೆ. ಒಳಗೂ ಸಣ್ಣದೊಂದು ಬೊಟ್ಟು ಇಡು, ಲೋಹದ ಮೇಲೆ ಮಾತ್ರ ಎಂದೆ. ರಿಪೇರಿಗೆಂದು ಇದು ಮುಂದೆ ಯಾರ ಕೈಗೆ ಹೋದರೂ, ತಿರುಗಿ ಬಂದದ್ದು ನನ್ನದೇ ಎಂದು ನನಗೆ ಗೊತ್ತಾಗಬೇಕಿತ್ತು.

"ಎಲ್ಲಿ ಹಚ್ಚಲಿ ಯವ್ವಾ?" ಎಂದಳು ಅವ್ವ.

ಬೆರಳಿಟ್ಟು ತೋರಿಸಿದೆ. ಆ ಜಾಗ ಯಾವುದೆಂದು ಇಲ್ಲಿ ಬರೆಯುವುದಿಲ್ಲ.