ಅಕ್ಷರ ಬೇಡವೆಂದ ಡ್ರಾಯಿಂಗ್ ಮೇಡಂ

ಅವರ ಬಲಗೈಯ ಕಿರುಬೆರಳಿನ ಬದಿ ಯಾವಾಗಲೂ ಕಪ್ಪಗಿರುತ್ತಿತ್ತು. ಉಗುರಿನ ಅಂಚಿನಿಂದ ಮಣಿಕಟ್ಟಿನವರೆಗೆ ಮಸಿಯ ಒಂದು ಪಟ್ಟಿ. ಸೋಪು, ಸೀಗೆಪುಡಿ, ಯಾವುದಕ್ಕೂ ಅದು ಬಗ್ಗುತ್ತಿರಲಿಲ್ಲ. ಬೆವರು ಒರೆಸಿಕೊಂಡರೆ ಹಣೆಯ ಮೇಲೂ ಒಂದು ಗೆರೆ ಮೂಡುತ್ತಿತ್ತು. ಕುಂಕುಮದ ಪಕ್ಕದಲ್ಲಿ ಆ ಗೆರೆಯನ್ನು ಇಟ್ಟುಕೊಂಡೇ ಬಂಗಾರಪೇಟೆಯ ಬೀದಿಗಳಲ್ಲಿ ಓಡಾಡುತ್ತಿದ್ದರು. ಯಾರಾದರೂ ತೋರಿಸಿದರೆ, "ಇರಲಿ ಬಿಡವಾ, ಏನೋ ಒಂದ್ ಕೆಲಸ ಮಾಡ್ಯಾಳ ಅಂತ ಗೊತ್ತಾಗ್ಲಿ" ಅನ್ನುತ್ತಿದ್ದರು.

ನಮ್ಮ ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಡ್ರಾಯಿಂಗ್ ಮೇಡಂ ಎಂದು. ಹುಟ್ಟಿದ್ದು ಹಾವೇರಿ ಸೀಮೆಯಲ್ಲಿ. ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬಿಡಿಸುವ ಕೆಲಸ ಸಿಕ್ಕಿ ಬಂದವರು, ನಿವೃತ್ತರಾದ ಮೇಲೂ ಊರಿಗೆ ಹಿಂದಿರುಗಲಿಲ್ಲ. ಪಕ್ಕದ ಮನೆಯವರೊಂದಿಗೆ ತಮಿಳು, ಹಾಲಿನವನೊಂದಿಗೆ ತೆಲುಗು. ಕನ್ನಡ ಮಾತ್ರ ಕೊನೆಯವರೆಗೂ ಹಾವೇರಿಯದೇ. ದಿನಾ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಗೆ ಬಂದು, ಸಂಪಾದಕೀಯದ ಪಕ್ಕದಲ್ಲಿ ಅಚ್ಚಾಗುವ ಚಿತ್ರ ಬರೆದುಕೊಟ್ಟು ಹೋಗುತ್ತಿದ್ದರು.

ನಾನು ಅಲ್ಲಿ ಪುಟ ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಕಾಮಸಮುದ್ರದ ಹತ್ತಿರದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಮನೆಯಲ್ಲಿ ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಿದ್ದರು. ಕೆಲಸವಿಲ್ಲದ ಹೊತ್ತಿನಲ್ಲಿ ಹಳೆಯ ಕಾಗದದ ಮೇಲೆ ಏನಾದರೂ ಗೀಚುವುದು ನನ್ನ ಅಭ್ಯಾಸ. ಒಂದು ಮಧ್ಯಾಹ್ನ ಅವರು ಬೆನ್ನ ಹಿಂದೆ ಬಂದು ನಿಂತದ್ದು ಗೊತ್ತೇ ಆಗಲಿಲ್ಲ.

"ಯಾರ ಮನಿ ಆಕಳ ಇದು?"

"ಯಾರದೂ ಅಲ್ಲ ಮೇಡಂ, ಸುಮ್ನೆ ಬರ್ದೆ."

"ಅದಕ್ಕs ಹಿಂಗ ಗೊಂಬಿ ಆಗೇತಿ. ನಿಮ್ಮ ಮನಿ ಆಕಳಿಲ್ಲೇನು? ಅದನ್ನ ಬರಿ."

ಮರುದಿನ ನಮ್ಮ ಮನೆಯ ಮುರುಕು ಕೊಂಬಿನ ಹಸುವನ್ನು ಬರೆದುಕೊಂಡು ಹೋದೆ. ಅವರು ನಕ್ಕು, "ಇದು ಹಾಯ್ತದ ನೋಡು" ಎಂದು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. ಅಂದಿನಿಂದ ನಾನು ಅವರ ಶಿಷ್ಯೆ.

ಅವರಿಗೂ ಸಂಪಾದಕರಿಗೂ ಒಂದೇ ಒಂದು ಜಗಳ, ಅದೂ ಪ್ರತಿದಿನದ್ದು. ಚಿತ್ರದೊಳಗೆ ಒಂದೆರಡು ಮಾತು ಬರೆಯಿರಿ ಎಂದು ಸಂಪಾದಕರು, ಒಂದಕ್ಷರವೂ ಬರೆಯುವುದಿಲ್ಲ ಎಂದು ಇವರು.

"ಜನಕ್ಕೆ ಅರ್ಥ ಆಗ್ಬೇಕಲ್ಲ ಮೇಡಂ?"

"ಸರ್, ನಮ್ಮ ಓಣ್ಯಾಗ ತಮಿಳು ಓದೋರು ಅದಾರ, ತೆಲುಗು ಓದೋರು ಅದಾರ, ಏನೂ ಓದಾಕ ಬರದೋರೂ ಅದಾರ. ಅಕ್ಷರ ಬರದ್ರ ಅವರನ್ನೆಲ್ಲ ಬಾಗಿಲ ಹೊರಗ ನಿಂದ್ರಿಸಿದಂಗ ಆಕ್ಕೇತಿ."

ಸಂಪಾದಕರು ಗೊಣಗಿಕೊಂಡು ಒಳಗೆ ಹೋಗುತ್ತಿದ್ದರು. ಚಿತ್ರ ಹಾಗೆಯೇ ಅಚ್ಚಾಗುತ್ತಿತ್ತು.

ಅದೇ ಕಾಲದಲ್ಲಿ ನಮ್ಮ ಪೇಟೆಯ ಸೊಪ್ಪಿನ ಬೀದಿಯಲ್ಲಿ ಹೆಂಗಸರಿಗೆಂದು ಒಂದು ಶೌಚಾಲಯ ಕಟ್ಟಿದರು. ಕಟ್ಟಿಸಿದ ಮುಖಂಡರೇ ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು, ಬೀಗ ಹಾಕಿಸಿದರು. ಕೇಳಿದರೆ, ದೊಡ್ಡವರು ಯಾರೋ ನೋಡಲು ಬರುತ್ತಾರೆ, ಅಲ್ಲಿಯವರೆಗೆ ಕೊಳಕಾಗಬಾರದು ಎಂಬ ಉತ್ತರ. ತಿಂಗಳುಗಳು ಉರುಳಿದವು, ದೊಡ್ಡವರು ಬರಲಿಲ್ಲ. ನಾವು ಕಟ್ಟಡದ ಫೋಟೋ ಹಾಕಿ ಮತ್ತೆ ಮತ್ತೆ ಸುದ್ದಿ ಮಾಡಿದೆವು. ಫೋಟೋದಲ್ಲಿ ಆ ಕಟ್ಟಡ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಓದಿದವರು ಅದನ್ನು ಹೊಗಳಿಕೆಯ ಸುದ್ದಿ ಎಂದುಕೊಂಡರು.

"ದೊಡ್ಡ ಬೀಗದ ಚಿತ್ರ ಬರೆದ್ರೆ ಸಾಕಲ್ವಾ ಮೇಡಂ?" ಎಂದು ಕೇಳಿದೆ.

"ಬೀಗ ಎಲ್ಲಾರೂ ನೋಡ್ಯಾರ. ಆ ಬೀಗ ಏನ್ ಮಾಡಾಕತ್ತೇತಿ, ಅದನ್ನ ನೋಡೂನು ಬಾ."

ಇಡೀ ದಿನ ಸೊಪ್ಪಿನ ಬೀದಿಯಲ್ಲಿ ಕೂತೆವು. ಅವರು ವ್ಯಾಪಾರಕ್ಕೆ ಕೂತ ಹೆಂಗಸರ ಕೈ, ಕಾಲು, ಕೂರುವ ರೀತಿ ಬರೆದುಕೊಳ್ಳುತ್ತಲೇ ಇದ್ದರು, ಹರಿದು ಹಾಕುತ್ತಲೇ ಇದ್ದರು. ಬಿಸಿಲು ಇಳಿಯಿತು. ಹೆಂಗಸರು ಗೋಣಿಚೀಲ ಕೊಡವಿ, ಬುಟ್ಟಿ ತಲೆಗಿಟ್ಟುಕೊಂಡು ಬಸ್ಸಿಗೆ ಹೊರಟರು. ಮೇಡಂ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದರು.

"ನೋಡಲ್ಲಿ! ಬುಟ್ಟಿ ಬರಿದಾಗೇತಿ, ಬಾಟ್ಲಿ ತುಂಬೇತಿ."

ನಿಜ. ಬೆಳಿಗ್ಗೆ ಮನೆಯಿಂದ ತಂದ ನೀರಿನ ಬಾಟಲಿಗಳು ಎಲ್ಲರ ಕೈಯಲ್ಲೂ ಕುತ್ತಿಗೆಯವರೆಗೆ ತುಂಬಿಯೇ ಇದ್ದವು. ಕುಡಿದರೆ ಹೋಗಬೇಕು, ಹೋಗಲು ಜಾಗವಿಲ್ಲ. ಆ ಉರಿಬಿಸಿಲಿನಲ್ಲಿ ಅವರು ಬಾಯಿ ಒಣಗಿಸಿಕೊಂಡೇ ಕೂತಿದ್ದರು.

ಚಿತ್ರ ಮುಗಿದಾಗ ಅದರಲ್ಲಿದ್ದುದು ಇಷ್ಟೇ: ಸಂಜೆಯ ಬಿಸಿಲು, ಬರಿದಾದ ಬುಟ್ಟಿ ಹೊತ್ತು ಸಾಲಾಗಿ ಮನೆಗೆ ಹೊರಟ ಹೆಂಗಸರು, ಪ್ರತಿಯೊಬ್ಬರ ಕೈಯಲ್ಲೂ ತುಂಬಿದ ಬಾಟಲಿ, ಹಿಂದೆ ಬೀಗ ಹಾಕಿದ ಹೊಸ ಬಾಗಿಲು. ಸಂಪಾದಕರು ಬಹಳ ಹೊತ್ತು ನೋಡಿದರು. ಆ ಮುಖಂಡರ ಸಿಟ್ಟು ಊರಿಗೆಲ್ಲ ಗೊತ್ತಿತ್ತು.

"ನಾಳೆ ಆಫೀಸಿಗೆ ಕಲ್ಲು ಬಿದ್ರೆ ಏನ್ ಮಾಡೋದು ಮೇಡಂ?"

"ಬೀಳಲಿ ಸರ್. ನಾಡಿದ್ದು ಆ ಕಲ್ಲಿನ ಚಿತ್ರ ಬರೀತೀನಿ."

ಸಂಪಾದಕರಿಗೆ ನಗು ತಡೆಯಲಾಗಲಿಲ್ಲ. "ಸ್ಕ್ಯಾನ್ ಮಾಡಮ್ಮ. ಮೊದಲ ಪುಟದಲ್ಲಿ ಹಾಕು" ಎಂದು ನನಗೆ ಹೇಳಿದರು.

ಮರುದಿನ ಬೆಳಿಗ್ಗೆ ನಾನು ಮತ್ತು ಮೇಡಂ ಸೊಪ್ಪಿನ ಬೀದಿಗೆ ಹೋದಾಗ ಅಲ್ಲಿ ಜಾತ್ರೆಯಂತೆ ಜನ. ಪತ್ರಿಕೆ ಕೈಯಿಂದ ಕೈಗೆ ಹೋಗುತ್ತಿತ್ತು. ದಂಟಿನ ಸೊಪ್ಪು ಮಾರುವ ಅಜ್ಜಿಗೆ ಓದಲು ಬಾರದು. ಅವಳು ಚಿತ್ರದ ಮೇಲೆ ಬೆರಳಿಟ್ಟು ಕೂಗಿದಳು: "ಅಯ್ಯೋ, ಇದು ನಾನೇ ಕಣಮ್ಮಿ! ನೋಡು, ನನ್ನ ಸೊಟ್ಟಗಾಲು!" ಪಕ್ಕದ ಹೂವಿನ ಹೆಂಗಸು ಬಗ್ಗಿ ನೋಡಿ, "ಆಮಾಕ್ಕಾ, ಹೌದು, ನಾನೂ ಇದೀನಿ!" ಎಂದಳು. ಯಾರೋ ಆ ಪುಟವನ್ನು ಮೈದಾ ಅಂಟಿನಲ್ಲಿ ಶೌಚಾಲಯದ ಬಾಗಿಲಿಗೆ ಮೆತ್ತಿದರು.

ಅಷ್ಟರಲ್ಲಿ ಮುಖಂಡರ ಕಾರು ಬಂತು.

"ಯಾರು ಇದನ್ನ ಬರ್ದಿದ್ದು? ನನ್ನ ಮಾನ ಕಳೀತಾವ್ರೆ!"

ಮೇಡಂ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ನಾನs ಬರದದ್ದು. ಇದರಾಗ ನೀವು ಎಲ್ಲಿ ಅದೀರಿ, ತೋರಸ್ರಿ."

ಮುಖಂಡರು ಪುಟಕ್ಕೆ ಮುಖ ಒಡ್ಡಿ ಹುಡುಕಿದರು. ಚಿತ್ರದಲ್ಲಿ ಅವರಿರಲಿಲ್ಲ, ಅವರ ಹೆಸರಿರಲಿಲ್ಲ, ತಕರಾರು ತೆಗೆಯಲು ಒಂದು ಅಕ್ಷರವೂ ಇರಲಿಲ್ಲ. ರೇಗಿ ಹೆಂಗಸರ ಕಡೆ ತಿರುಗಿದರು. "ನೀವು ನೀರು ಕುಡೀದಿದ್ರೆ ನಾನೇನಮ್ಮಾ ಮಾಡ್ಲಿ? ಕುಡೀರಿ! ಯಾರು ಬೇಡ ಅಂದ್ರು?"

ಅಜ್ಜಿ ಎದ್ದು ನಿಂತಳು.

"ಕುಡೀಲಾ ಸ್ವಾಮಿ?"

ಬಾಟಲಿಯ ಮುಚ್ಚಳ ತಿರುವಿದಳು. ತಲೆ ಎತ್ತಿ ಗಟಗಟ ಕುಡಿದಳು. ತಳದ ಹನಿಯನ್ನೂ ಬಿಡಲಿಲ್ಲ. ಅವಳನ್ನು ನೋಡಿ ಹೂವಿನವಳು ಕುಡಿದಳು, ಹುಣಸೆಹಣ್ಣಿನವಳು ಕುಡಿದಳು, ಬೀದಿಯ ಆ ತುದಿಯವರೆಗೂ ಬಾಟಲಿಗಳು ಮೇಲೆದ್ದವು. ಕುಡಿದವರೆಲ್ಲ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಬೀಗ ಹಾಕಿದ ಬಾಗಿಲ ಮುಂದೆ ಬಂದು ಸಾಲಾಗಿ ನಿಂತರು.

"ಕುಡ್ದಾಯ್ತು ಸ್ವಾಮಿ. ಈಗ ಎಲ್ಲಿಗೆ ಓಗೋಣ ಯೋಳಿ."

ಮೊದಲು ನಕ್ಕದ್ದು ಬಾಳೆಹಣ್ಣಿನ ಗಾಡಿಯವನು. ಆಮೇಲೆ ಇಡೀ ಬೀದಿ ನಕ್ಕಿತು. ಗಂಡಸರು ಮೊಬೈಲ್ ಎತ್ತಿ ವಿಡಿಯೊ ಮಾಡತೊಡಗಿದರು. ಮುಖಂಡರು ಯಾರಿಗೋ ಫೋನ್ ಮಾಡಿದರು, ಕಾವಲುಗಾರ ಬೀಗದ ಕೈ ಹಿಡಿದು ಓಡಿಬಂದ. ಬೀಗ ತುಕ್ಕು ಹಿಡಿದಿತ್ತು, ತೆರೆಯಲಿಲ್ಲ. ಎದುರಿನ ಪಂಕ್ಚರ್ ಅಂಗಡಿಯವನು ಸುತ್ತಿಗೆ ತಂದು ಒಂದೇಟು ಹೊಡೆದ. "ಇವತ್ತು ನಾನೇ ತೆಗೆಸ್ಬೇಕು ಅಂತಿದ್ದೆ" ಎಂದು ಮುಖಂಡರು ಹೇಳಿದ್ದು ಚಪ್ಪಾಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಅಜ್ಜಿಯೇ ಮೊದಲು ಒಳಗೆ ಹೋದಳು. ಹೊರಗೆ ಬಂದವಳು ಒದ್ದೆ ಕೈ ಕೊಡವಿ ಎಲ್ಲರ ಮೇಲೂ ನೀರು ಚಿಮ್ಮಿಸಿದಳು. ನಾನು ಮೇಡಂ ಎಲ್ಲಿ ಎಂದು ಹುಡುಕಿದೆ. ಸಾಲಿನ ಕೊನೆಯಲ್ಲಿ ನಿಂತಿದ್ದರು. "ಏನವಾ ನೋಡ್ತಿ? ನಾನೂ ರೈಲಿನಿಂದ ತಡಕೊಂಡs ಬಂದೀನಿ!"

ಆ ಬಾಗಿಲು ಮತ್ತೆ ಮುಚ್ಚಲಿಲ್ಲ.

ಮುಂದಿನ ವರ್ಷಗಳಲ್ಲಿ ಅವರ ಕಣ್ಣು ಮಂಜಾಗುತ್ತ ಬಂತು. ಚಿಕಿತ್ಸೆ ಆಯಿತು, ಅಷ್ಟೇನೂ ಸುಧಾರಿಸಲಿಲ್ಲ. ಒಂದು ದಿನ ಸಂಪಾದಕರ ಮುಂದೆ ನನ್ನನ್ನು ನಿಲ್ಲಿಸಿ, "ನಾಳಿಂದ ಈಕಿ ಬರೀತಾಳ" ಎಂದರು. ಮೊದಲ ಚಿತ್ರವನ್ನು ಅವರ ಗೆರೆಯಂತೆಯೇ ಬರಲೆಂದು ತಿದ್ದಿ ತೀಡಿ ಒಯ್ದೆ. ಒಂದು ನೋಟ ನೋಡಿ ಪಕ್ಕಕ್ಕಿಟ್ಟರು. "ಇದು ನಂದು. ನಿಂದು ಎಲ್ಲೈತಿ?"

ಎರಡನೆಯದನ್ನು ಹೆದರುತ್ತಲೇ, ನನಗೆ ಬಂದಂತೆ ಬರೆದೆ. ಕೆರೆಯ ಏರಿಯ ಮೇಲೆ ಶಾಲೆಗೆ ಹೋಗುವ ಹುಡುಗಿಯರು, ಬಸ್ಸು ನಿಲ್ಲಿಸದೆ ಹೋಗುತ್ತಿರುವುದು. ಅವರು ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದರು. ತಿರುಗಿಸಿ ಮತ್ತೊಮ್ಮೆ ನೋಡಿದರು.

"ಇದು ನನಗ ಬರ್ತಿದ್ದಿಲ್ಲ ನೋಡವಾ."

ಈಗ ಅವರಿಲ್ಲ. ಹೋದ ಕಾರ್ತಿಕದಲ್ಲಿ ಕೆಜಿಎಫ್‌ನ ಮನೆಯಲ್ಲೇ, ನಿದ್ದೆಯಲ್ಲಿ ತೀರಿಕೊಂಡರು. ಆ ದಿನ ಸಂಪಾದಕರು, "ಇವತ್ತು ಚಿತ್ರ ಬೇಡಮ್ಮ, ಆ ಜಾಗ ಹಂಗೇ ಬಿಡೋಣ" ಎಂದರು. ನಾನು ಒಪ್ಪಲಿಲ್ಲ. ಕೂತು ಬರೆದೆ. ಕಣ್ಣೀರಿಗೆ ಮಸಿ ಎರಡು ಕಡೆ ಹರಡಿತು, ಆದರೂ ಗೆರೆ ನಡುಗಲಿಲ್ಲ. ತನಗೆ ಬಾರದ್ದು ನನಗೆ ಬರುತ್ತದೆ ಎಂದು ನನ್ನ ಗುರು ಬಾಯಿಬಿಟ್ಟು ಹೇಳಿದ್ದರು. ಅದನ್ನು ಕೇಳಿಸಿಕೊಂಡ ಕೈ ಇದು, ಹೇಗೆ ನಡುಗೀತು?