ಕುಂಬಳಕಾಯಿಗೆ ಗುದ್ದಿದ ಕಾರು

ಕಳೆದ ಭಾನುವಾರ ಇಂಗ್ಲೆಂಡಿನ ಫೆಲ್ಥಮ್‌ನ ಒಂದು ಕಾರ್ ಪಾರ್ಕಿನಲ್ಲಿ ನನ್ನ ಕಾರು ಬೂದುಗುಂಬಳಕಾಯಿಗೆ ಗುದ್ದಿತು. ಗಾಬರಿ ಬೇಡ, ಕುಂಬಳಕಾಯಿಗೆ ಏನೂ ಆಗಲಿಲ್ಲ.

ಕಾರಿನ ಮೂತಿ ಮಾತ್ರ ಎರಡು ಹೋಳಾಯಿತು.

ಕಾರು ಅಂದರೆ ನೀವು ಅಂದುಕೊಳ್ಳುವಂಥ ಕಾರಲ್ಲ. ಇದಕ್ಕೆ ಬಾಗಿಲಿಲ್ಲ. ಮೇಲೆ ಚಾವಣಿ ಇಲ್ಲ. ಹೀಟರ್ ಇಲ್ಲ, ರೇಡಿಯೋ ಇಲ್ಲ, ಒಂದು ಕೈಚೀಲ ಇಡಲೂ ಜಾಗ ಇಲ್ಲ. ಇರುವುದು ಒಂದು ಇಂಜಿನ್, ನಾಲ್ಕು ಚಕ್ರ, ಎರಡು ಸೀಟು, ಮತ್ತು ಆ ಸೀಟಿನಲ್ಲಿ ಕೂತವರ ತಲೆ ಮೇಲೆ ಸುರಿಯಲು ಇಂಗ್ಲೆಂಡಿನ ಮಳೆ. ಇದನ್ನು ಕಿಟ್ ಕಾರ್ ಅನ್ನುತ್ತಾರೆ. ಕಂಪನಿಯವರು ಬಿಡಿಭಾಗಗಳನ್ನು ಡಬ್ಬಗಳಿಗೆ ತುಂಬಿ ಮನೆ ಬಾಗಿಲಿಗೆ ತಂದು ಇಳಿಸಿ ಹೋಗುತ್ತಾರೆ. ಜೋಡಿಸಿಕೊಳ್ಳುವ ಕರ್ಮ ನಮ್ಮದು.

ಇಡೀ ಕಾರಿನ ತೂಕ ಪಕ್ಕದ ಮನೆಯವರ ಎಸ್‌ಯುವಿಯ ಮೂರನೇ ಒಂದು ಭಾಗವೂ ಇಲ್ಲ. ತೂಕ ಇಳಿದಷ್ಟೂ ಕಾರು ಚುರುಕು ಅನ್ನುವುದು ಇದರ ಸಿದ್ಧಾಂತ. ಹಾಗಾಗಿ ತೆಗೆಯಬಹುದಾದ ಎಲ್ಲವನ್ನೂ ತೆಗೆದುಹಾಕಿ, ಉಳಿದದ್ದಕ್ಕೆ ಸ್ಪೋರ್ಟ್ಸ್ ಕಾರ್ ಅಂತ ಹೆಸರಿಡುತ್ತಾರೆ. (ಬೆಂಗಳೂರಿನಲ್ಲಿ ಇದೇ ಸ್ಥಿತಿಯ ಕಾರುಗಳನ್ನು ಪೊಲೀಸ್ ಸ್ಟೇಷನ್ ಮುಂದೆ ನಿಲ್ಲಿಸಿರುತ್ತಾರೆ.)

ಇಲ್ಫರ್ಡ್‌ನ ನಮ್ಮ ಮನೆಯ ಹಿಂದಿರುವ ಸಣ್ಣ ಗ್ಯಾರೇಜಿನಲ್ಲಿ ಈ ಕಾರನ್ನು ಎರಡೂವರೆ ವರ್ಷ ಕೂತು ಕಟ್ಟಿದ್ದು ನಾನು. ಹೌದು, ನಾನೇ. ವಯಸ್ಸು ಐವತ್ತೊಂದು, ವಾರದ ದಿನಗಳಲ್ಲಿ ಬ್ಯಾಂಕೊಂದರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಯಾಕೆ ಕಟ್ಟಿದೆ ಅಂತ ದಯವಿಟ್ಟು ಕೇಳಬೇಡಿ. ಗಂಡಸು ಕಟ್ಟಿದರೆ ಯಾರಾದರೂ ಕೇಳುತ್ತಾರಾ? ಅದು ಹಾಬಿ. ಹೆಂಗಸು ಕಟ್ಟಿದರೆ ಮಾತ್ರ, ಮನೆಯಲ್ಲಿ ಎಲ್ಲ ಸರಿಯಾಗಿದೆ ತಾನೆ ಅಂತ ವಿಚಾರಿಸಿಕೊಳ್ಳುತ್ತಾರೆ.

ನನಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ್ದು ಫೆಲಿಕ್ಸ್. ಉಡುಪಿ ಕಡೆಯವರು, ಫೆಲ್ಥಮ್‌ನಲ್ಲಿ ಮನೆ, ಏರ್‌ಪೋರ್ಟಿನಲ್ಲಿ ವಿಮಾನ ರಿಪೇರಿ ಕೆಲಸ. ಬೋಲ್ಟ್ ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಹಳದಿ ಗೆರೆ ಎಳೆಯಬೇಕು ಅಂತ ಹೇಳಿಕೊಟ್ಟವರು ಅವರೇ. ಗೆರೆ ತುಂಡಾಗಿ ಜರುಗಿದ್ದರೆ ಬೋಲ್ಟ್ ಸಡಿಲವಾಗಿದೆ ಅಂತ ಅರ್ಥ. ಇಷ್ಟು ಹಗುರದ ಕಾರು ಓಡುವಾಗ ಮೈಯೆಲ್ಲ ನಡುಗುತ್ತದೆ. ಹಾಗಾಗಿ ಒಂದು ಗಂಟೆ ಓಡಿಸಿದರೆ ಒಂದು ಸಂಜೆ ಅದರ ಅಡಿಯಲ್ಲಿ ಅಂಗಾತ ಮಲಗಿ, ಟಾರ್ಚ್ ಬೆಳಕು ಬಿಟ್ಟು, ಒಂದೊಂದೇ ಗೆರೆ ನೋಡಬೇಕು. ಕೂಸು ಸಾಕಿದವರಿಗೆ ಈ ಚಾಕರಿ ಹೊಸದೇನಲ್ಲ.

ಇನ್ನು ನಮ್ಮನೆಯವರು, ಪ್ರಸನ್ನ. ಒಳ್ಳೆಯ ಮನುಷ್ಯ. (ಈ ವಾಕ್ಯದ ಹಿಂದೆಯೇ ಒಂದು 'ಆದರೆ' ಬರುತ್ತದೆ ಅಂತ ಈ ಅಂಕಣ ಓದುವವರಿಗೆ ಗೊತ್ತಿದೆ.) ಆ ಎರಡೂವರೆ ವರ್ಷ ಅವರು ನನ್ನನ್ನು ಬೇಡ ಅನ್ನಲಿಲ್ಲ, ಗೊಣಗಲಿಲ್ಲ. ಅನ್ನ ಸಾರು ಮಾಡಿಟ್ಟು ಗ್ಯಾರೇಜಿನ ಬಾಗಿಲಿಗೆ ಬಂದು ಊಟಕ್ಕೆ ಕರೆದರು. ಗ್ಯಾರೇಜಿನ ಒಳಗೆ ಮಾತ್ರ ಕಾಲಿಡಲಿಲ್ಲ, ಗ್ರೀಸಿನ ವಾಸನೆಗೆ ತಲೆನೋವು ಬರುತ್ತದಂತೆ.

ಆದರೆ ಕನ್ನಡದವರು ನಾಲ್ಕು ಜನ ಸೇರಿದ ಕಡೆ ಈ ಕಾರಿನ ಮಾತು ಬಂದರೆ ಎಲ್ಲರೂ ಕೇಳುವುದು ಪ್ರಸನ್ನನವರನ್ನೇ. ಎಷ್ಟು ಸಿಸಿ ಸಾರ್, ಎಷ್ಟು ಸ್ಪೀಡ್ ಹೋಗುತ್ತೆ ಸಾರ್. ಅವರು ನನ್ನ ಮುಖ ನೋಡುತ್ತಾರೆ. ನಾನು ಮೆಲ್ಲಗೆ ಉತ್ತರ ಹೇಳುತ್ತೇನೆ. ಅವರು ಅದನ್ನೇ ಜೋರಾಗಿ ಹೇಳುತ್ತಾರೆ. ಪ್ರೆಸ್ ಮೀಟಿನಲ್ಲಿ ಮಂತ್ರಿಗಳ ಹಿಂದೆ ಫೈಲ್ ಹಿಡಿದು ನಿಲ್ಲುವ ಅಧಿಕಾರಿಯ ಕೆಲಸ ನನ್ನದು.

ಅವರು ಸುಳ್ಳು ಹೇಳಿಲ್ಲ, ನಿಜ. 'ನಾನು ಕಟ್ಟಿದೆ' ಅಂತ ಒಮ್ಮೆಯೂ ಅಂದಿಲ್ಲ. 'ಕಟ್ಟಿದ್ದು ಅವಳು' ಅಂತಲೂ ಅಂದಿಲ್ಲ. ಸುಮ್ಮನೆ ನಗುತ್ತಾರೆ. ಆ ನಗುವಿನ ಮೇಲೆ ನನಗೆ ಮೂರು ವರ್ಷದಿಂದ ಸಿಟ್ಟಿದೆ. ನನಗೆ ಹಾರ ತುರಾಯಿ ಬೇಡ. ಬೇಕಿದ್ದದ್ದು 'ಕಟ್ಟಿದ್ದು ಅವಳು' ಅನ್ನುವ ಅದೊಂದೇ ವಾಕ್ಯ, ಅವರ ಬಾಯಿಂದ, ಜನರ ಮುಂದೆ. ಅಷ್ಟು ದೊಡ್ಡ ಆಸೆಯಾ ಇದು?

ಸರಿ, ಭಾನುವಾರಕ್ಕೆ ಬರೋಣ. ನಮ್ಮ ಕನ್ನಡ ಬಳಗದ ಆಯುಧಪೂಜೆ. ಇಲ್ಲಿ ಹಬ್ಬಗಳು ಪಂಚಾಂಗ ನೋಡಿಕೊಂಡು ಬರುವುದಿಲ್ಲ, ಹಾಲ್ ಖಾಲಿ ಇರುವ ದಿನ ನೋಡಿಕೊಂಡು ಬರುತ್ತವೆ. ಅಸಲಿ ಹಬ್ಬ ಮುಗಿದು ವಾರವಾದ ಮೇಲೆ ಸಾಮೂಹಿಕ ವಾಹನಪೂಜೆ ಇಟ್ಟಿದ್ದರು. ನಾನು ರೇಷ್ಮೆ ಸೀರೆ ಉಟ್ಟು, ಮೇಲೆ ದಪ್ಪ ಜಾಕೆಟ್ ಏರಿಸಿ, ತೆಳು ಅಟ್ಟೆಯ ಶೂ ಹಾಕಿಕೊಂಡು ಹೊರಟೆ. ಈ ಕಾರಿನ ಪೆಡಲುಗಳು ಒಂದಕ್ಕೊಂದು ತೀರಾ ಹತ್ತಿರ. ಅಗಲದ ಶೂ ಹಾಕಿದರೆ ಒಂದೇ ಪಾದ ಬ್ರೇಕನ್ನೂ ಆಕ್ಸಿಲರೇಟರನ್ನೂ ಒಟ್ಟಿಗೆ ತುಳಿಯುತ್ತದೆ. ಪಕ್ಕದ ಸೀಟಿನಲ್ಲಿ ಪ್ರಸನ್ನ, ಅವರ ಮಡಿಲಲ್ಲಿ ಕುಂಬಳಕಾಯಿ. ನಾರ್ತ್ ಸರ್ಕ್ಯುಲರ್ ರಸ್ತೆಯ ಉದ್ದಕ್ಕೂ ಲಾರಿಗಳ ಚಕ್ರದ ಮಟ್ಟದಲ್ಲಿ ಕೂತು, ಅವುಗಳ ಹೊಗೆ ಕುಡಿಯುತ್ತಾ ಫೆಲ್ಥಮ್ ತಲುಪಿದೆವು.

ಕಾರ್ ಪಾರ್ಕಿನಲ್ಲಿ ಸಾಲಾಗಿ ಎಲೆಕ್ಟ್ರಿಕ್ ಕಾರುಗಳು, ಏಳು ಸೀಟಿನ ಗಾಡಿಗಳು. ಎಲ್ಲದಕ್ಕೂ ಅರಿಶಿನ ಕುಂಕುಮ, ಚೆಂಡು ಹೂವಿನ ಹಾರ. ಬಳಗದ ಕಾರ್ಯದರ್ಶಿ ನಾಗೇಶ್ ನಮ್ಮ ಕಾರನ್ನು ಹಾಲ್‌ನ ಎದುರಿಗೇ, ಫುಟ್‌ಪಾತಿನ ಕಲ್ಲಿಗೆ ಮುಖ ಮಾಡಿಸಿ ನಿಲ್ಲಿಸಿದರು. ಫೋಟೋಗೆ ಚೆನ್ನಾಗಿರುತ್ತದಂತೆ. ದೃಷ್ಟಿ ತೆಗೆದು ಒಡೆಯಲು ತಂದ ಕುಂಬಳಕಾಯಿ ಉರುಳಿ ಹೋಗದಿರಲಿ ಅಂತ ಅದನ್ನು ಅದೇ ಕಲ್ಲಿಗೆ ಒರಗಿಸಿಟ್ಟರು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಬಂದವು.

ಪುರೋಹಿತರು (ಸೋಮವಾರದಿಂದ ಶುಕ್ರವಾರದವರೆಗೆ ಡೇಟಾ ಅನಲಿಸ್ಟ್) ನೇರವಾಗಿ ಪ್ರಸನ್ನನವರ ಕಡೆ ತಿರುಗಿ ಹೆಸರು, ಗೋತ್ರ ಕೇಳಿದರು. ಪ್ರಸನ್ನ ತಮ್ಮ ಹೆಸರು, ತಮ್ಮ ಗೋತ್ರ ಹೇಳಿದರು. ಸಂಕಲ್ಪದಲ್ಲಿ ನಾನೂ ಇದ್ದೆ, ಇಲ್ಲ ಅನ್ನಬಾರದು. 'ಧರ್ಮಪತ್ನೀ ಸಮೇತ' ಅಂತ, ಕಾರಿನ ಜೊತೆ ಬರುವ ಆಕ್ಸೆಸರಿಯ ಹಾಗೆ.

ಅಷ್ಟಕ್ಕೂ ನಾನು ಸುಮ್ಮನೇ ಇದ್ದೆ. ಸ್ಟೀರಿಂಗ್ ಹಿಂದೆ ಕೂತು, ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸುವ ಗಳಿಗೆಗೆ ಕಾಯುತ್ತಿದ್ದೆ. ಆಗ ನಾಗೇಶ್ ಬಂದರು.

"ಮೇಡಂ, ನೀವ್ ಸ್ವಲ್ಪ ಇಳೀರಿ. ಆರತಿ ತಟ್ಟೆ ಹಿಡ್ಕೊಂಡು ಮುಂದೆ ನಿಂತ್ಕೊಳ್ಳಿ. ನಿಂಬೆಹಣ್ಣು ಸಾರ್ ಹತ್ತಿಸ್ಲಿ."

ನಾನು ಏನು ಮಾಡಿದೆ ಹೇಳಿ? ಇಳಿದೆ.

ನಂಬುತ್ತೀರಾ? ಕಾರು ರಸ್ತೆಗಿಳಿಯುವ ಮೊದಲು ಸರ್ಕಾರಿ ತಪಾಸಣೆಯವನು ಕನ್ನಡಿಯ ಅಂಚು ಚೂಪಾಗಿದೆ ಅಂತ ಫೇಲ್ ಮಾಡಿದಾಗ, ರೂಲ್ ಬುಕ್ ತೆಗೆಸಿ ಅರ್ಧ ಗಂಟೆ ಅವನ ಜೊತೆ ವಾದಿಸಿದವಳು ನಾನು. ಇಂಜಿನ್ನನ್ನು ಮೂರು ಸಲ ಇಳಿಸಿ ಮೂರು ಸಲ ಏರಿಸಿದವಳು. ಆರತಿ ತಟ್ಟೆ ಅಂದ ಕೂಡಲೇ ಕೈ ತಾನಾಗಿ ಮುಂದೆ ಚಾಚಿತು. ಚಿಕ್ಕಂದಿನಿಂದ ಎಷ್ಟು ಚೆನ್ನಾಗಿ ತರಬೇತಿ ಕೊಟ್ಟಿದ್ದಾರೆ ನೋಡಿ, ಸರ್ವೀಸಿಂಗ್ ಇಲ್ಲದೆ ಐವತ್ತು ವರ್ಷ ಕೆಲಸ ಮಾಡುತ್ತಿದೆ.

ಪ್ರಸನ್ನ ನನ್ನ ಹತ್ತಿರ ಬಗ್ಗಿ, ತನಗೆ ಬರುತ್ತದಾ ಅಂತ ಮೆಲ್ಲಗೆ ಕೇಳಿದರು. ಒಂದಡಿ ತಾನೆ, ಕ್ಲಚ್ ನಿಧಾನ ಬಿಡಿ ಸಾಕು ಅಂದೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಅವರ ಕಾಲಲ್ಲಿದ್ದ ಅಗಲದ ಲೆದರ್ ಶೂ ಕಡೆ ನಾನು ನೋಡಲಿಲ್ಲ. ತಟ್ಟೆಯ ದೀಪ ಆರದ ಹಾಗೆ ಕೈ ಅಡ್ಡ ಹಿಡಿಯುವುದರಲ್ಲಿ ಮಗ್ನಳಾಗಿದ್ದೆ.

ಮೊದಲ ಸಲ ಇಂಜಿನ್ ಬಂದ್ ಆಯಿತು. ಎರಡನೇ ಸಲ ಕಾರು ನಿಂಬೆಹಣ್ಣು ಹತ್ತಿ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಸನ್ನ ಬ್ರೇಕ್ ಒತ್ತಿದರು, ಅದೇ ಶೂ ಆಕ್ಸಿಲರೇಟರನ್ನೂ ಒತ್ತಿತು. ಕಾರು ಚಂಗನೆ ನೆಗೆಯಿತು. ನಾನು ತಟ್ಟೆ ಸಮೇತ ಪಕ್ಕಕ್ಕೆ ಹಾರಿದೆ. ಕಲ್ಲಿಗೆ ಒರಗಿದ್ದ ಕುಂಬಳಕಾಯಿ ಜಗ್ಗಲಿಲ್ಲ. ಹಪ್ಪಳಕ್ಕಿಂತ ಸ್ವಲ್ಪ ದಪ್ಪದ ಫೈಬರ್ ಮೂತಿ ಟಪ್ ಅಂತ ಸೀಳಿತು. ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿದೆ, ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ನೋಡಬಹುದು.

ನಾಗೇಶ್ ಓಡಿ ಬಂದು ಪ್ರಸನ್ನನವರ ಬೆನ್ನು ಸವರಿದರು. ಹೋಗಲಿ ಬಿಡಿ ಸಾರ್, ಬೇಜಾರು ಮಾಡ್ಕೋಬೇಡಿ, ದೃಷ್ಟಿ ಕಳೆಯಿತು ಅಂತ ಸಮಾಧಾನ. ನಾಲ್ಕು ಜನ ಅವರಿಗೆ ನೀರು ತಂದುಕೊಟ್ಟರು. ನನ್ನ ಕೈಯಲ್ಲಿ ತಟ್ಟೆ ಇತ್ತಲ್ಲ, ನನಗೆ ಯಾರು ನೀರು ಕೊಡುತ್ತಾರೆ?

ಏಳು ಸೀಟಿನ ಗಾಡಿಯವರೊಬ್ಬರು ಮಾತ್ರ ನನ್ನ ಕಡೆ ತಿರುಗಿದರು. "ಇಂಥದ್ದೆಲ್ಲ ಮನೇಲಿ ಮಾಡೋಕೆ ಹೋಗ್ಬಾರ್ದು ಮೇಡಂ. ನೀವು ಬ್ರೇಕ್ ಸರಿಯಾಗಿ ಕೂರಿಸಿಲ್ಲ ಅನ್ಸುತ್ತೆ."

ಗಮನಿಸಿದಿರಾ? ಕಟ್ಟಿದ್ದು ಯಾರು ಅಂತ ಇವರಿಗೆ ಗೊತ್ತಿಲ್ಲದ್ದೇನಲ್ಲ. ಸಂಕಲ್ಪದವರೆಗೆ ಸಾರ್ ಕಾರು. ಮೂತಿ ಒಡೆದ ಕೂಡಲೇ ಮೇಡಂ ಕಾರು. ಮಗ ರ‍್ಯಾಂಕ್ ಬಂದರೆ ಅಪ್ಪನ ಮಗ, ಫೇಲಾದರೆ 'ನೋಡು ನಿನ್ನ ಮಗ'. ಪ್ರಸನ್ನ ಅಲ್ಲೇ ನಿಂತಿದ್ದರು. 'ಬ್ರೇಕಿನದೇನೂ ತಪ್ಪಿಲ್ಲ, ನನ್ನ ಶೂ ತಪ್ಪು' ಅಂತ ಒಂದು ಮಾತು ಅನ್ನಬಹುದಿತ್ತು. ನಕ್ಕರು.

ಗುಂಪಿನಲ್ಲಿದ್ದ ಫೆಲಿಕ್ಸ್ ಯಾರ ಮಾತಿಗೂ ಕಾಯದೆ ಹಬ್ಬದ ಪ್ಯಾಂಟಿನಲ್ಲೇ ಮೊಣಕಾಲೂರಿ ಕಾರಿನ ಕೆಳಗೆ ಇಣುಕಿದರು. ಹಳದಿ ಗೆರೆಗಳ ಮೇಲೆಲ್ಲ ಬೆರಳಾಡಿಸಿದರು. ಚಾಸಿಗೆ, ಅಂದರೆ ಅಡಿಯ ಚೌಕಟ್ಟಿಗೆ, ಏನೂ ಆಗಿಲ್ಲ, ಬರೀ ಫೈಬರ್ ಹೋಗಿದೆ, ಅಂಟಿಸಬಹುದು ಅಂದರು. ಎದ್ದು ಕೈ ಕೊಡವಿಕೊಂಡು, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ಅದು ಬಿಡಿ, ಫೈಬರ್ ಸರಿ ಮಾಡ್ಲಿಕ್ಕಾಗ್ತದೆ. ನೀವು ಇಳಿದದ್ದು ಯಾಕೆ ಮಾರಾಯ್ತಿ?"

ನಾಗೇಶರ ಮೇಲೆ, ಪುರೋಹಿತರ ಮೇಲೆ, ಗಂಡನ ಮೇಲೆ ಹಾಕಲು ನನ್ನ ಹತ್ತಿರ ತಪ್ಪುಗಳ ಪಟ್ಟಿಯೇ ಇತ್ತು. ಅದರಲ್ಲಿ ಈ ಪ್ರಶ್ನೆಗೆ ಜಾಗ ಇರಲಿಲ್ಲ. ಊಟಕ್ಕೆ ಬಿಸಿಬೇಳೆಬಾತ್ ಇತ್ತು. ಪ್ರಸನ್ನನವರ ಎಲೆಗೆ ನಾಗೇಶ್ ಬೂಂದಿ ಎರಡು ಸಲ ಬಡಿಸಿದರು, ಪಾಪ, ಶಾಕ್ ಆಗಿದೆ ಅಂತ.

ವಾಪಸು ಬರುವಾಗ ನಾನೇ ಓಡಿಸಿದೆ. ಮೂತಿಯ ಅರ್ಧ ಟೇಪ್ ಸುತ್ತಿಕೊಂಡು ಕಾರಿನ ಮೇಲೆ, ಇನ್ನರ್ಧ ಪ್ರಸನ್ನನವರ ಕೈಯಲ್ಲಿ. ಹ್ಯಾಂಗರ್ ಲೇನ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಅವರು ಸಾರಿ ಅಂದರು.

"ಮೂತಿ ಒಡೆದಿದ್ದಕ್ಕಾ, ನಕ್ಕಿದ್ದಕ್ಕಾ?" ಅಂತ ಕೇಳಿದೆ.

ಅವರು ಕೈಯಲ್ಲಿದ್ದ ಅರ್ಧ ಮೂತಿಯನ್ನು ಮಡಿಲಲ್ಲಿ ತಿರುಗಿಸಿ ಇಟ್ಟುಕೊಂಡರು. ಪ್ರಶ್ನೆ ಅರ್ಥವಾಯಿತು ಅಂತ ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಅಷ್ಟೂ ತಿಳಿಯದಿದ್ದರೆ ಹೇಗೆ?

ಅಷ್ಟರಲ್ಲಿ ಎಡಗಡೆಯ ಲೇನಿನಲ್ಲಿ ಒಂದು ಬಿಳಿ ವ್ಯಾನ್ ಬಂದು ನಿಂತಿತು. ಡ್ರೈವರ್ ಕಿಟಕಿ ಇಳಿಸಿ, ನಮ್ಮ ಕಾರನ್ನು ಮುಂದಿನಿಂದ ಹಿಂದಿನವರೆಗೆ ನೋಡಿ, ಸ್ಟೀರಿಂಗ್ ಹಿಡಿದ ನನ್ನನ್ನು ಬಿಟ್ಟು ಪ್ರಸನ್ನನವರನ್ನು ಕೇಳಿದ. ನೈಸ್ ಮೋಟರ್ ಮೇಟ್, ನೀನೇ ಕಟ್ಟಿದ್ದಾ ಅಂತ. (ಈ ರೋಗ ನಮ್ಮವರಿಗೆ ಮಾತ್ರ ಅಂದುಕೊಂಡಿದ್ದೆ. ಕ್ಷಮೆ ಇರಲಿ.)

ನಾನು ಎದುರಿನ ಕೆಂಪು ದೀಪವನ್ನೇ ನೋಡುತ್ತಾ ಕೂತೆ. ಮೆಲ್ಲಗೆ ಉತ್ತರ ಹೇಳಿಕೊಡಲಿಲ್ಲ.

"ನೋ ಮೇಟ್," ಅಂದರು ಪ್ರಸನ್ನ. "ಶಿ ಬಿಲ್ಟ್ ಇಟ್. ಎವೆರಿ ಬೋಲ್ಟ್. ಐ ಜಸ್ಟ್ ಬ್ರೋಕ್ ಇಟ್."

ವ್ಯಾನಿನವನು ನಕ್ಕು ನನ್ನ ಕಡೆ ಹೆಬ್ಬೆರಳೆತ್ತಿ ತೋರಿಸಿದ. ದೀಪ ಹಸಿರಾಯಿತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ, ಮೂರು ವರ್ಷ ಕಾದ ವಾಕ್ಯ ಕೇಳಿ ಬಹಳ ಖುಷಿಯಾಯಿತು. ಇಲ್ಫರ್ಡ್ ಬರುವವರೆಗೆ ಅದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ.

ಮನೆಗೆ ಬಂದು ಗ್ಯಾರೇಜಿನ ಬಾಗಿಲು ಎಳೆಯುವಾಗ ಮಾತ್ರ ಒಂದು ಯೋಚನೆ ಬಂತು. ಗುರುತು ಪರಿಚಯ ಇಲ್ಲದ ವ್ಯಾನಿನವನ ಮುಂದೆ, ಇಂಗ್ಲಿಷಿನಲ್ಲಿ, ಆ ಮಾತು ಹೊರಬರಲು ಕಾರಿನ ಮೂತಿ ಒಡೆಯಬೇಕಾಯಿತು. ಅದೇ ಮಾತು ಕನ್ನಡದಲ್ಲಿ, ನಾಗೇಶರ ಮುಂದೆ ಬರಬೇಕಾದರೆ ಇನ್ನೇನು ಒಡೆಯಬೇಕು?