ಸಿದ್ದವ್ವನ ಕೌದಿಯೊಳಗಿನ ಆಯಾಮ

ಇಂಗಳೇಶ್ವರದ ಸಿದ್ದವ್ವ ಐವತ್ತು ವರ್ಷದಿಂದ ಹಳೆ ಸೀರೆಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುತ್ತ ಬಂದವಳು. ಮುಗಿಸುವ ಮುಂಚೆ ಕೊನೆಯ ಮೂಲೆಯೊಳಗೆ ಒಂದು ಚೂರು ಹೋಳಿಗೆ ಇಟ್ಟೇ ಅದರ ಬಾಯಿ ಹೊಲಿಯುತ್ತಾಳೆ. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಹೋಳಿಗೆಯಿಲ್ಲದ ಹೊಲಿಗೆ ಅವಳ ಲೆಕ್ಕಕ್ಕೆ ಹೊಲಿಗೆಯೇ ಅಲ್ಲ.

ಆ ಭಾನುವಾರ ಮೊಮ್ಮಗಳು ಪ್ರಜ್ಞಾ ಎದುರಿಗೆ ಕೂತು ಉಗುರು ಕಡಿಯುತ್ತಿದ್ದಳು. ಬಾಗೇವಾಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅವಳಿಗೆ ಮರುದಿನ ಏಳು ವರ್ಷ ದುಡಿದ ಪಿಎಚ್‌ಡಿಯ ಮೌಖಿಕ ಪರೀಕ್ಷೆ. "ಸಾಮಾನ್ಯರಿಗೆ ತಿಳಿಯುವಂತೆ ಹೇಳಿ" ಎಂಬುದೇ ಬರಲಿರುವ ಪರೀಕ್ಷಕರ ಮೊದಲ ಪ್ರಶ್ನೆಯಂತೆ. ಅಲ್ಲಿ ಮುಗ್ಗರಿಸಿದವರು ಆರು ತಿಂಗಳು ಬಿಟ್ಟು ಮತ್ತೆ ಬರಬೇಕಂತೆ.

"ನನಗ ಹೇಳವಾ. ನನಕಿಂತ ಸಾಮಾನ್ಯದಾಕಿ ಯಾರದಾಳ?" ಎಂದಳು ಸಿದ್ದವ್ವ.

"ಆಯಿ, ಉದ್ದ, ಅಗಲ, ಎತ್ತರ ಬಿಟ್ಟು ಇನ್ನೊಂದು ಆಯಾಮ ಇರಬಹುದು. ಭಾಳ ಸಣ್ಣದು, ಸುರುಳಿ ಸುತ್ತಿಕೊಂಡು ಕುಂತಿರತೈತಿ, ಕಾಣೂದಿಲ್ಲ. ಕಣಕ್ಕ ಕಣ ಡಿಕ್ಕಿ ಹೊಡಸಿದಾಗ ಏನರ ಅದರಾಗ ಜಾರಿಕೊಂಡ್ರ, ಇಲ್ಲಿ ಅಷ್ಟು ಶಕ್ತಿ ಕಡಿಮಿ ಬೀಳತೈತಿ. ಅದ ಅದರ ಗುರುತು."

"ಸಿಕ್ಕತೇನು?"

"ಇನ್ನೂ ಇಲ್ಲ."

"ಸಿಗಲಾರದ್ದಕ್ಕ ಏಳು ವರ್ಷ? ನಮ್ಮ ಎಮ್ಮಿ ಕಳದಾಗ ಏಳು ತಾಸು ಹುಡುಕಿ ಕೈಬಿಟ್ಟಿದ್ವಿ!"

ನಗಲೂ ಆಗದೆ ಪ್ರಜ್ಞಾ ನೆಲ ನೋಡಿದಳು. ಅಲ್ಲೊಂದು ಇರುವೆಯ ಸಾಲು. ಮುಗಿದ ಕೌದಿಯ ಮೇಲೇರಿ, ಮೂಲೆಗೆ ಹೋಗಿ ಮಾಯ. ಮೂವತ್ತು ಹೋದವು, ಆಚೆ ಒಂದೂ ಬರಲಿಲ್ಲ. ಆ ಸಲ ಸಿದ್ದವ್ವ ಚೂರಿನ ಬದಲು ಇಡೀ ಹೋಳಿಗೆಯನ್ನೇ ತುರುಕಿದ್ದಳು.

"ಅಯ್ಯ ಶಿವನ!" ಎಂದು ಜಾಡಿಸಲು ಎದ್ದಳು.

"ಆಯಿ, ಕೈ ಹಚ್ಚಬ್ಯಾಡ! ಮ್ಯಾಲಿಂದ ನೋಡಿದ್ರ ಕೌದಿ ಬರೇ ಹಾಳಿಯಂಗ ಕಾಣತೈತಿ. ಒಳಗ ಜಾಗ ಐತಿ ಅಂತ ಹೇಳಾಕತ್ತಿದ್ದು ಈ ಕಾಣಿಯಾದ ಇರುವಿ!"

"ಮತ್ತ ಒಂದೂ ಇರುವಿ ಬರದಿದ್ರ?"

"ನಾಳೆ ಪರೀಕ್ಷಕರೂ ಅದನ್ನ ಕೇಳತಾರ, ಆಯಿ."

ಸಿದ್ದವ್ವ ಸೂಜಿಯಿಂದ ತಲೆ ಕೆರೆದುಕೊಂಡಳು. "ಇಡೀ ಹೋಳಿಗಿ ಇಲ್ಲ ಅಂತಾತು. ಚೂರು ಇದ್ದರೂ ಇರಬಹುದು. ಚೂರಿಗೆ ವಾಸನಿ ಕಡಿಮಿ, ಇನ್ನಷ್ಟು ಹೊತ್ತು ಕಾಯಬೇಕು."

ಸಿಕ್ಕಿಲ್ಲವೆಂದರೆ ದೊಡ್ಡ ಆಯಾಮ ಇಲ್ಲ, ಇನ್ನೂ ಸಣ್ಣದು ಇರಬಹುದು ಎಂಬ, ಏಳು ವರ್ಷದ ಪ್ರಬಂಧದ ಕೊನೆಯ ಅಧ್ಯಾಯವನ್ನು ಅಜ್ಜಿ ಒಂದು ಉಸಿರಿನಲ್ಲಿ ಮುಗಿಸಿದ್ದಳು.

ಮರುದಿನ ಪರೀಕ್ಷಕರು ಕೇಳಿದ್ದೂ ಅದನ್ನೇ, ಪ್ರಜ್ಞಾ ಹೇಳಿದ್ದೂ ಆ ಕೌದಿ, ಇರುವೆ, ಹೋಳಿಗೆಯ ಮಾತನ್ನೇ. ಅವರು ಕನ್ನಡಕ ಒರೆಸುತ್ತ, "ಈ ಉದಾಹರಣೆ ಯಾವ ಪತ್ರಿಕೆಯಲ್ಲಿ ಪ್ರಕಟವಾಗಿದೆ?" ಎಂದರು.

"ನಿನ್ನೆ, ಇಂಗಳೇಶ್ವರದಾಗ್ರಿ ಸರ್."

ಇಡೀ ಸಭಾಂಗಣವೇ ನಕ್ಕಿತು. ಅವರೂ ನಕ್ಕು ಸಹಿ ಹಾಕಿದರು.

ಪ್ರಜ್ಞಾ ಹೊರಗೆ ಬಂದವಳೇ ಫೋನ್ ಮಾಡಿದಳು. "ಆಯಿ, ಪಾಸಾದೆ!"

"ಸಾಹೇಬ್ರಿಗೆ ತಿಳೀತೇನವಾ?"

"ಪೂರಾ ತಿಳೀತು."

"ಹಂಗಾದ್ರ ಅವರೂ ಪಾಸು ಬಿಡು!"